ಅಳಿಸಿದ್ರೂ ಮತ್ತ ಹತ್ತೋ ಚೆಕ್ ಎಂಜಿನ್ ಲೈಟ್: ಕನ್ವರ್ಟರ್ ಬದಲಿಸೋಕಿಂತ ಮೊದಲು ಏನು ನೋಡ್ಬೇಕು?

ಕಲಬುರಗಿಯಿಂದ ಕೇಳಿದ್ದು:
2014ರ ಪೆಟ್ರೋಲ್ ಗಾಡಿ, 98,000 ಕಿ.ಮೀ. ಓಡ್ಯದ. ಕೋಡ್ ಪಿ0420. ಮಿಸ್ತ್ರಿ ಸ್ಕ್ಯಾನರ್ ಹಚ್ಚಿ ಅಳಸ್ತಾರ, ಮೂರ್ನಾಲ್ಕು ದಿನಕ್ಕ ಹಳದಿ ಲೈಟ್ ಮತ್ತ ಹತ್ತತದ. ಪಿಕಪ್, ಮೈಲೇಜ್ ಸರಿ ಅವ. ಕನ್ವರ್ಟರ್ (ಸೈಲೆನ್ಸರ್ ಪೈಪಿನಾಗ ಹೊಗೆ ಶುದ್ಧ ಮಾಡೋ ಡಬ್ಬಿ) ಹೋಗ್ಯದ, ಬದಲಿಸ್ರಿ ಅಂತಾರ. ತಿಳಿದವರು ಹೇಳ್ರಿ.

ಬೀದರ್‌ನಿಂದ:
ಅಣ್ಣಾರ, ಮೊದಲು ಅಳಿಸೋದು ಬಿಡ್ರಿ. ಅಳಿಸಿದ್ರ ಕೋಡಿನ ಜೋಡಿ ಉಳಿದಿರೋ ಫ್ರೀಜ್ ಫ್ರೇಮ್, ಅಂದ್ರ ಲೈಟ್ ಹತ್ತಿದಾಗಿನ ವೇಗ, ಲೋಡ್, ಬಿಸಿ ಎಲ್ಲಾ ಹೋಗ್ತದ. ಮೂರ್ನಾಲ್ಕು ದಿನ ಲೈಟ್ ಬರಲ್ಲ ಅಂದ್ರ ರಿಪೇರಿ ಆಗ್ಯದ ಅಂತಲ್ಲ. ಕಂಪ್ಯೂಟರ್ ಎರಡು ಮೂರು ಓಡಾಟದಾಗ ಪರೀಕ್ಷೆ ಫೇಲ್ ಆದ ಮ್ಯಾಲೇ ಲೈಟ್ ಹಚ್ಚತದ.

ಪಿ0420 ಅಂದ್ರ ಕನ್ವರ್ಟರ್ ಕೆಲಸ ಕಮ್ಮಿ ಕಾಣಸ್ತದ ಅಂತ ಅಷ್ಟೇ. ಇಎಲ್‌ಎಂ327 ಬ್ಲೂಟೂತ್ ಸ್ಕ್ಯಾನರ್ ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಹಚ್ಚಿ, ಮೊಬೈಲ್‌ನಾಗ ಎರಡೂ ಆಕ್ಸಿಜನ್ ಸೆನ್ಸರ್‌ಗಳ ಗ್ರಾಫ್ ತೆರೀರಿ. ಹೊಗೆಯಾಗಿನ ಆಕ್ಸಿಜನ್ ನೋಡೋ ಇವು ಕನ್ವರ್ಟರ್ ಮುಂದ ಒಂದು, ಹಿಂದ ಒಂದು ಇರ್ತಾವ. ಎಂಜಿನ್ ಪೂರಾ ಕಾಯ್ದ ಮ್ಯಾಲ 2,500 ಆರ್‌ಪಿಎಂದಾಗ ಎರಡು ಮೂರು ನಿಮಿಷ ಹಿಡೀರಿ. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವ ಏರಿಳಿತಾ ಇರಬೇಕು. ಹಿಂದಿನದು 0.6–0.7ರ ಸುತ್ತ ಹೆಚ್ಚುಕಮ್ಮಿ ಸಪಾಟ ನಿಲ್ಲಬೇಕು. ಹಿಂದಿನದೂ ಮುಂದಿನದರ ಜೋಡಿ ಕುಣೀತಿದ್ರ ಕನ್ವರ್ಟರ್ ಮ್ಯಾಲಿನ ಅನುಮಾನ ಖರೆ. ಹಿಂದಿನದು ಆಗಾಗ 0.1ಕ್ಕ ಬಿದ್ದು ಏಳ್ತಿದ್ರ ಎಲ್ಲೋ ಹೊರಗಿನ ಗಾಳಿ ಒಳಗ ಎಳೀತದ. ಮುಂದ ಸಾದಾ ಸೆನ್ಸರ್ ಬದಲು ಏರ್-ಫ್ಯುಯಲ್ ಸೆನ್ಸರ್ ಇರೋ ಗಾಡಿಗೆ ಮುಂದಿನ ಸೆನ್ಸರಿನ ಈ ವೋಲ್ಟ್ ಲೆಕ್ಕ ಹೊಂದಲ್ಲ.

ಫ್ಯುಯಲ್ ಟ್ರಿಮ್, ಅಂದ್ರ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚುಕಮ್ಮಿ ಮಾಡ್ತದ ಅನ್ನೋದನ್ನೂ ನೋಡ್ರಿ. ಶಾರ್ಟ್, ಲಾಂಗ್ ಎರಡೂ ಕೂಡಿ ಶೇ. 10ರ ಒಳಗ ಇರಬೇಕು. ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್‌ಗೆ ನಾಕೈದು ಅಂಕ ಮ್ಯಾಲ ಏರೋದು ಸಹಜ, ಅದಕ್ಕ ಗಾಬರಿ ಬ್ಯಾಡ.

ಯಾದಗಿರಿಯಿಂದ:
ಗಾಳಿ ಎಳೆಯೋದು ಹಿಡಿಯೋಕ ಬೆಳಿಗ್ಗೆ ತಣ್ಣನ ಎಂಜಿನ್ ಬೇಕು. ಸ್ಟಾರ್ಟ್ ಮಾಡಿದ ಕೂಡಲೇ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರೋ ಪೈಪು) ಜಾಯಿಂಟ್, ಫ್ಲೆಕ್ಸ್ ಪೈಪ್, ಕನ್ವರ್ಟರ್ ಫ್ಲಾಂಜ್ ಹತ್ರ ಸಾಬೂನಿನ ನೀರು ಸಿಂಪಡಿಸಿ ಗುಳ್ಳೆ ನೋಡ್ರಿ. ಒಬ್ಬರು ಸೈಲೆನ್ಸರ್ ಬಾಯಿಗೆ ಒದ್ದಿ ಬಟ್ಟೆ ಅರ್ಧ ಒತ್ತಿ ಹಿಡಿದ್ರ ಇನ್ನೂ ಚಂದ ಕಾಣ್ತದ. ಜಾಯಿಂಟ್‌ನಿಂದ ಕರಿ ಮಸಿ ಗೆರಿ ಎಳೆದಿದ್ರ ಅದೇ ಜಾಗ. ಗ್ಯಾಸ್ಕೆಟ್ ಹೊಸದು ಹಾಕ್ರಿ. ಸಿಲಿಕಾನ್ ಪೇಸ್ಟ್ ಬಡೀಬ್ಯಾಡ್ರಿ, ಅದರ ಆವಿ ಸೆನ್ಸರ್ ತುದಿ ಮ್ಯಾಲ ಕೂತು ಅದನ್ನೂ ಕೆಡಸ್ತದ.

ತೊಗರಿ ರಾಶಿ ಕಾಲದಾಗ ಹೊಲದ ಹತ್ರ ನಿಲ್ಲೋ ಗಾಡಿಗಳಿಗೆ ಇಲಿ ಕಾಟನೂ ಅದ. ಸೆನ್ಸರ್ ವೈರ್ ಬೆರಳಿನಿಂದ ಉದ್ದಕ್ಕ ತಡವಿ ನೋಡ್ರಿ. ಸೆನ್ಸರ್ ಬಿಚ್ಚೋದಾದ್ರ ಎಂಜಿನ್ ಉಗುರುಬೆಚ್ಚಗ ಇರಬೇಕು, ತುಕ್ಕು ಬಿಡಿಸೋ ಸ್ಪ್ರೇ ಹಾಕಿ ಅರ್ಧ ತಾಸು ಬಿಟ್ಟು 22 ನಂಬರ್ ಸೀಳು ಸಾಕೆಟ್. ಸಾದಾ ಪಾನಾ ಹಚ್ಚಿದ್ರ ಮೂಲಿ ಉರುಟಾಗ್ತದ.

ಪೆಟ್ರೋಲ್ ಮುಚ್ಚಳ ಬಿಗಿ ಮಾಡ್ರಿ ಅನ್ನೋ ಸಲಹೆ ಅಮೆರಿಕದ ವಿಡಿಯೋದಾಗಿಂದು. ಅದು ಟ್ಯಾಂಕಿನ ಆವಿ ಸೋರಿಕೆ ಕೋಡ್‌ಗೆ ಔಷಧ, ಪಿ0420ಕ್ಕ ಅಲ್ಲ.

ಕಲಬುರಗಿಯಿಂದ ಇನ್ನೊಬ್ಬರು:
ಕನ್ವರ್ಟರ್ ಖರೇನೇ ಸತ್ತಿದ್ರ ತಾನಾಗೇ ಸತ್ತಿರಲ್ಲ. ಆಯಿಲ್ ಸುಡೋ ಎಂಜಿನ್ನು, ಒಳಗ ಸೋರೋ ಕೂಲಂಟು, ಮಿಸ್‌ಫೈರ್‌ನಿಂದ (ಸಿಲಿಂಡರ್‌ನಾಗ ಪೆಟ್ರೋಲ್ ಸರಿ ಹೊತ್ತದಿರೋದು) ಸುಡದೇ ಬರೋ ಪೆಟ್ರೋಲು, ಇವೇ ಕೊಂದಿರ್ತಾವ. 1,000 ಕಿ.ಮೀ.ಗೆ ಎಷ್ಟು ಆಯಿಲ್ ಇಳೀತದ ಡಿಪ್‌ಸ್ಟಿಕ್‌ನಾಗ ಅಳೀರಿ, ಪ್ಲಗ್ ಬಿಚ್ಚಿ ನೋಡ್ರಿ. ಕಾರಣ ಬಿಟ್ಟು ಹೊಸದು ಹಾಕಿದ್ರ ಅದೂ ಅದೇ ದಾರಿ ಹಿಡೀತದ. ಲೈಟ್ ಮಿಣುಕಿದ್ರ ಮಾತ್ರ ಕಾಯಬ್ಯಾಡ್ರಿ: ಮಿಸ್‌ಫೈರ್ ಜೋರದ, ಗಾಡಿ ನಿಲ್ಲಿಸ್ರಿ, ಕನ್ವರ್ಟರ್ ಕೆಂಪಗ ಕಾಯ್ತದ.

ಒಳಗಿನ ಜೇನುಗೂಡು ಒಡೆದು ತೆಗೆದುಬಿಡ್ತೀವಿ ಅನ್ನೋರು ಸಿಗ್ತಾರ. ಒಪ್ಪಬ್ಯಾಡ್ರಿ. ಅದರಾಗ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರ್ತಾವ, ಆ ಗೂಡು ಮಾರಿದ ರೊಕ್ಕ ಅವರಿಗೇ. ನಿಮ್ಮ ಲೈಟ್ ಹಂಗೇ ಇರ್ತದ, ಹೊಗೆ ಪರೀಕ್ಷೆನೂ ಕಷ್ಟ. ಬಿಎಸ್-4 (ಹೊಗೆ ಮಾಲಿನ್ಯದ ಸರ್ಕಾರಿ ಮಾನದಂಡ) ಪೆಟ್ರೋಲ್ ಗಾಡಿಗೆ ಐಡಲ್‌ನಾಗ ಸಿಒ (ಕಾರ್ಬನ್ ಮೊನಾಕ್ಸೈಡ್) ಶೇ. 0.3, ಎಚ್‌ಸಿ (ಸುಡದ ಇಂಧನ) 200 ಪಿಪಿಎಂ ಮಿತಿ, ಬಿಎಸ್-3ಕ್ಕ 0.5, 750. ನಿಮ್ಮದು ಯಾವುದು ಅನ್ನೋದು ಆರ್‌ಸಿಯಾಗ ಅದೇನು ನೋಡ್ರಿ. 2014ರಾಗ ನಮ್ಮ ಕಡೆ ಎರಡೂ ಮಾರಾಟ ಇದ್ವು, ಬಿಎಸ್-4 ದೇಶಕ್ಕೆಲ್ಲಾ ಕಡ್ಡಾಯ ಆಗಿದ್ದು 2017ರ ಏಪ್ರಿಲ್‌ಗೆ. ಪಿಯುಸಿ ಪಾಸಾತು ಅಂದ್ರ ಕೋಡ್ ಹೋತು ಅಂತ ಅಲ್ಲ, ಅಲ್ಲಿ ಅಳೆಯೋದು ಸೈಲೆನ್ಸರ್ ಹೊಗೆ ಮಾತ್ರ.

ಬೀದರ್‌ನಿಂದ ಮತ್ತ:
ರಿಪೇರಿ ಆದ ಮ್ಯಾಲ ಒಂದೇ ಸಲ ಅಳಿಸಿ, ರಿಂಗ್ ರೋಡ್ ದಾಟಿ ಹುಮನಾಬಾದ್ ಕಡೆ 60–80ರ ಒಂದೇ ವೇಗದಾಗ ಹದಿನೈದು ನಿಮಿಷ ಹೋಗಿ ಬರ್ರಿ. ಊರಾಗಿನ ಗದ್ದಲದಾಗ ಓಡಿಸಿದ್ರ ಕನ್ವರ್ಟರ್ ಪರೀಕ್ಷೆ ಮುಗಿಯೋದೇ ಇಲ್ಲ. ಆ್ಯಪ್‌ನಾಗ ಕ್ಯಾಟಲಿಸ್ಟ್ ಮಾನಿಟರ್ (ಕನ್ವರ್ಟರ್ ಪರೀಕ್ಷೆ) ಮುಂದ ‘ಪೂರ್ಣ’ ಅಂತ ಬಂದು, ಪೆಂಡಿಂಗ್ ಕೋಡ್ (ಲೈಟ್ ಹತ್ತೋಕ ಮೊದಲು ಕಂಪ್ಯೂಟರ್ ಬರೆದಿಟ್ಟಿರೋ ಕೋಡ್) ಖಾಲಿ ಇದ್ರ ಮಿಸ್ತ್ರಿಗೆ ರೊಕ್ಕ ಕೊಡ್ರಿ.