ಬಯೋಎಂಜೈಮ್ ಹಾಕಿದ ಮೇಲೆ ಕಡಪ ಕಲ್ಲಿನ ಕಟ್ಟೆ ಮೇಲೆ ಬಿಳಿ ಮಚ್ಚೆ, ಏನು ಮಾಡಿದರೂ ಹೋಗ್ತಿಲ್ಲ

ಹಿತ್ತಲಬಾಗಿಲು (ಶನಿವಾರ, ರಾತ್ರಿ 9:40)
ಎಲ್ಲರಿಗೂ ನಮಸ್ಕಾರ. ತಿಪಟೂರಿನ ಹತ್ತಿರ ನಮ್ಮದು ಹಳೇ ಮನೆ. ಅಡುಗೆಮನೆ ಕಟ್ಟೆಗೆ ಕಪ್ಪು ಕಡಪ ಕಲ್ಲು ಹಾಸಿದೆ. ಬೋರ್‌ವೆಲ್ ನೀರು ವಿಪರೀತ ಗಡಸು, ನಲ್ಲಿ ಬುಡದಲ್ಲೆಲ್ಲ ಬಿಳಿ ಪೊರೆ ಕಟ್ಟುತ್ತೆ. ಆಸಿಡ್ ವಾಸನೆ ಬಡಿದರೆ ಅತ್ತೆಗೆ ಕೆಮ್ಮು ಶುರು, ಹಾಗಾಗಿ ಅಂಗಡಿ ಕ್ಲೀನರ್ ಬಿಟ್ಟು ಬಯೋಎಂಜೈಮ್ ಮಾಡಿದೆ. ಬೆಲ್ಲ 1 ಪಾಲು, ನಿಂಬೆ-ಮೂಸಂಬಿ ಸಿಪ್ಪೆ 3 ಪಾಲು, ನೀರು 10 ಪಾಲು, 90 ದಿನ ಇಟ್ಟಿದ್ದು. ವಾಸನೆ ಚೆನ್ನಾಗೇ ಇದೆ.

ನೀರು ಬೆರೆಸದೆ ಹಾಗೇ ಸುರಿದು ಅರ್ಧ ಗಂಟೆ ಬಿಟ್ಟೆ. ನಲ್ಲಿ ಪಳಪಳ ಅಂತು. ಕಟ್ಟೆ ಮೇಲೆ ಮಾತ್ರ ಬೂದು-ಬಿಳಿ ಮಚ್ಚೆ. ಒದ್ದೆ ಇದ್ದಾಗ ಕಾಣಲ್ಲ, ಒಣಗಿದ ತಕ್ಷಣ ಎದ್ದು ಕಾಣುತ್ತೆ. ಪೊರೆ ಇನ್ನೂ ಹೋಗಿಲ್ಲ ಅಂದ್ಕೊಂಡು ಮತ್ತೆರಡು ಸಲ ಹಾಕಿದೆ, ಇನ್ನೂ ಜಾಸ್ತಿ ಆಯ್ತು. ನೀರಿನ ಸಂಪ್‌ಗೆ ಹಾಕೋ ಬ್ಲೀಚಿಂಗ್ ಪೌಡರ್ ಮನೇಲಿದೆ. ನಾಳೆ ಅದನ್ನ ಹಾಕಿ ನೋಡ್ಲಾ?

ಸೋಡಾಪ್ರಿಯ (ರಾತ್ರಿ 10:05)
ಅಡುಗೆ ಸೋಡಾ ಉದುರಿಸಿ ಮೇಲೆ ವಿನೆಗರ್ ಹಾಕಿ ಅಕ್ಕ. ಬುರುಬುರು ನೊರೆ ಬರುತ್ತಲ್ಲ, ಅದರ ಜೊತೆ ಕೊಳೆ ಎದ್ದು ಬರುತ್ತೆ.

ಅಂಟುವಾಳದಮರ (ರಾತ್ರಿ 10:20)
ಮೇಡಂ, ಬ್ಲೀಚಿಂಗ್ ಪೌಡರ್ ಮುಟ್ಟಲೇಬೇಡಿ. ಕಟ್ಟೆ ಮೇಲೆ ಬಯೋಎಂಜೈಮಿನ ಹುಳಿ ಉಳಿದಿದ್ದರೆ ಅದರ ಜೊತೆ ಸೇರಿ ಕ್ಲೋರಿನ್ ಅನಿಲ ಏಳುತ್ತೆ. ಆಸಿಡ್ ವಾಸನೆಗೇ ಕೆಮ್ಮೋರು ಇರೋ ಮನೆ ಅಂತೀರಿ. ವಿನೆಗರ್, ನಿಂಬೆ, ಬಯೋಎಂಜೈಮ್, ಯಾವುದರ ಜೊತೆಗೂ ಬ್ಲೀಚ್ ಕೂಡದು.

ಸೋಡಾಪ್ರಿಯ ಅವರೇ, ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಒಂದನ್ನೊಂದು ಮುಗಿಸಿಬಿಡುತ್ತವೆ. ನೊರೆ ಅನ್ನೋದು ಬರೀ ಕಾರ್ಬನ್ ಡೈಆಕ್ಸೈಡ್, ಉಳಿಯೋದು ಉಪ್ಪುನೀರಿನಂಥದ್ದು. ಸಿಂಕಿನ ಪೈಪಲ್ಲಿ ಸಡಿಲವಾಗಿ ಕೂತ ಕಸ ಅಲುಗಾಡಿಸೋಕೆ ಬೇಕಾದರೆ ಆಗಬಹುದು.

ಮಚ್ಚೆ ಮೇಲೆ ಉಗುರು ಎಳೆದು ನೋಡಿ. ಪೊರೆಯಾದರೆ ಉಬ್ಬಿರುತ್ತೆ, ಪುಡಿ ಏಳುತ್ತೆ. ಏನೂ ಏಳದೆ ಬರೀ ಹೊಳಪು ಸತ್ತಿದ್ದರೆ ಕತೆ ಬೇರೆ.

ಹಿತ್ತಲಬಾಗಿಲು (ಭಾನುವಾರ, ಬೆಳಿಗ್ಗೆ 7:15)
ಏನೂ ಏಳ್ತಿಲ್ಲ. ಮುಟ್ಟಿದರೆ ಸ್ವಲ್ಪ ಒರಟು. ಇನ್ನೊಂದು ವಿಷಯ ಈಗ ಗಮನಿಸಿದೆ: ಕಟ್ಟೆ ಮೂಲೆಯಲ್ಲಿ ದುಂಡಗೆ ಒಂದು ಹಳೇ ಗುರುತಿದೆ, ಅದೂ ಇದೇ ಬಣ್ಣ. ಅತ್ತೆ ದೀಪ ಬೆಳಗುವಾಗ ಹುಣಸೆಹಣ್ಣಿನ ಬಟ್ಟಲು ಇಡೋ ಜಾಗ ಅದು!

ಫರಸಿಮನಿ (ಬೆಳಿಗ್ಗೆ 8:30)
ಅಕ್ಕಾರ, ಅದು ಕಲಿ ಅಲ್ರಿ, ಹುಳಿ ಕಲ್ಲನ್ನ ತಿಂದದ. ನಮ್ಮ ಮನ್ಯಾಗ ಎರಡು ತಲಿಮಾರಿಂದ ಕಲ್ಲಿನ ಕೆಲಸ, ನಮ್ಮೂರು ಶಹಾಬಾದ ಹತ್ರ. ಶಹಾಬಾದ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಕಲ್ಲೇ. ನಿಮ್ಮ ನಳದ ಮ್ಯಾಲಿನ ಬಿಳಿ ಪೊರಿನೂ ಹೆಚ್ಚುಕಡಿಮಿ ಅದೇ ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಪೊರಿ ಕರಗಿಸೋ ಹುಳಿಗೆ ಇದು ಪೊರಿ, ಇದು ಕಟ್ಟಿ ಅಂತ ಹ್ಯಾಂಗ ಗೊತ್ತಾಗಬೇಕ್ರಿ? ಮಾರ್ಬಲ್ಲಿಗೂ ಇದೇ ಹಣೆಬರಹ. ಗ್ರಾನೈಟು ಬ್ಯಾರೆ ಜಾತಿ, ಅಷ್ಟು ಲಗೂ ಜಗ್ಗಂಗಿಲ್ಲ.

ಕಾಣದ ಮೂಲ್ಯಾಗ ಒಂದು ಹನಿ ನಿಂಬಿರಸ ಬಿಟ್ಟು ಐದು ನಿಮಿಷಕ್ಕ ಒರಸ್ರಿ. ಮಬ್ಬಾದ್ರ ಸುಣ್ಣದ ಕಲ್ಲು ಅಂತ ಖಾತ್ರಿ.

ರಿಪೇರಿ ಆಗ್ತದ, ಗಾಬರಿ ಬ್ಯಾಡ. ಹಾರ್ಡ್‌ವೇರ್ ಅಂಗಡ್ಯಾಗ ವಾಟರ್ ಪೇಪರ್ (ಒದ್ದಿ ಮಾಡಿ ತಿಕ್ಕೋ ಸ್ಯಾಂಡ್‌ಪೇಪರ್) ತರ್ರಿ, 400, 800, 1500 ನಂಬರ್. ಕಲ್ಲು ಒದ್ದಿ ಇಟ್ಟುಕೊಂಡು 400ರಿಂದ ಸುರು ಮಾಡಿ ದುಂಡಗ ತಿಕ್ಕ್ರಿ. ನಂಬರ್ ಬದಲಿ ಮಾಡುವಾಗೆಲ್ಲ ರಾಡಿ ಪೂರಾ ತೊಳೀರಿ, ಇಲ್ಲಾಂದ್ರ ಹಳೇ ಪುಡಿ ಗೀರು ಹಾಕ್ತದ. ಒಣಗಿದ ಮ್ಯಾಲೆ ನಾಲ್ಕು ಹನಿ ಕೊಬ್ರಿಎಣ್ಣಿ ಹಚ್ಚಿ ಬಟ್ಟೀಲೆ ಉಜ್ಜ್ರಿ. ಬರೀ ಎಣ್ಣಿ ಹಚ್ಚಿದ್ರ ಎರಡು ದಿನ ಕಪ್ಪಗ ಕಾಣ್ತದ, ತೊಳದ್ರ ಮತ್ತ ಅದೇ ಮಬ್ಬು.

ಕೆಂಪುನೆಲ (ಬೆಳಿಗ್ಗೆ 9:10)
ಅಯ್ಯೋ, ನಾನು ನಾಲ್ಕು ತಿಂಗಳಿಂದ ರೆಡ್ ಆಕ್ಸೈಡ್ ನೆಲಕ್ಕೆ ವಿನೆಗರ್ ನೀರು ಹಾಕಿ ಒರೆಸ್ತಿದ್ದೀನಿ. ನೆಲ ಯಾಕೆ ಪೇಲವ ಆಗ್ತಿದೆ ಅಂತ ಈಗ ಗೊತ್ತಾಯ್ತು.

ಅಂಟುವಾಳದಮರ (ಬೆಳಿಗ್ಗೆ 9:35)
ಹೌದು, ಅದು ಸಿಮೆಂಟು ನೆಲ ತಾನೆ? ಇವತ್ತೇ ನಿಲ್ಲಿಸಿ. ಟೈಲ್ಸ್ ಸಂದಿಯ ಸಿಮೆಂಟೂ ಹುಳಿಗೆ ಸವೆಯುತ್ತೆ.

ಹಿತ್ತಲಬಾಗಿಲು ಮೇಡಂ, ದಿನಾ ಒರೆಸೋಕೆ ಅಂಟುವಾಳ ಸಾಕು. ಬೀಜ ತೆಗೆದ ಹತ್ತು-ಹನ್ನೆರಡು ಕಾಯಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಲು ಗಂಟೆ ಕುದಿಸಿ, ಕಿವುಚಿ ಸೋಸಿ. ಅದರಲ್ಲಿರೋ ಸಪೋನಿನ್ ಜಿಡ್ಡು ಬಿಡಿಸುತ್ತೆ. ಇದೂ ತುಸು ಆಮ್ಲೀಯವೇ, ಅದಕ್ಕೆ ನೀರು ಬೆರೆಸಿ ಒರೆಸಿ, ತಕ್ಷಣ ಇನ್ನೊಂದು ಒದ್ದೆ ಬಟ್ಟೆ ಆಡಿಸಿ. ಫ್ರಿಜ್ಜಲ್ಲಿಟ್ಟು ವಾರದೊಳಗೆ ಮುಗಿಸಿ, ಆಮೇಲೆ ನಾತ. ಒಗ್ಗರಣೆ ಜಿಡ್ಡು ಗಟ್ಟಿಯಾಗಿದ್ದರೆ ಅಡುಗೆ ಸೋಡಾ ಒಂದನ್ನೇ ನೀರಲ್ಲಿ ಕಲಸಿ ಮೆತ್ತಗೆ ಉಜ್ಜಿ.

ನಲ್ಲಿ ಪೊರೆಗೆ ಹುಳಿಯೇ ಬೇಕು, ಅಲ್ಲಿ ಬೇರೆ ದಾರಿ ಇಲ್ಲ. ಸುರಿಯೋ ಬದಲು ವಿನೆಗರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿ, ಕೆಳಗೆ ಒಂದು ತಟ್ಟೆ ಇಡಿ. ಅರ್ಧ ಗಂಟೆ ಸಾಕು. ರಾತ್ರಿಯಿಡೀ ಬಿಟ್ಟರೆ ನಲ್ಲಿಯ ಮೇಲಿನ ಲೇಪವೂ ಹಾಳಾಗುತ್ತೆ.

ಹಿತ್ತಲಬಾಗಿಲು (ಮುಂದಿನ ಭಾನುವಾರ, ಸಂಜೆ 6:20)
ನಿಂಬೆ ಹನಿ ಬಿದ್ದ ಜಾಗ ಮಬ್ಬಾಯ್ತು, ಫರಸಿಮನಿ ಸರ್ ಹೇಳಿದ್ದೇ ಸರಿ. ಒಲೆ ಪಕ್ಕದ ಒಂದೂವರೆ ಅಡಿ ತಿಕ್ಕೋಷ್ಟರಲ್ಲಿ ತೋಳು ಬಿದ್ದುಹೋಯ್ತು, ಆದರೆ ಮಚ್ಚೆ ಹೋಗಿದೆ. ಹೊಸದರ ಹಾಗಿಲ್ಲ, ಹತ್ತಿರ ಬಗ್ಗಿ ನೋಡಿದರೆ ಗೊತ್ತಾಗುತ್ತೆ. ಸಿಂಕಿನ ಅಂಚು ಇನ್ನೂ ಬಾಕಿ. ಹುಣಸೆ ಬಟ್ಟಲಿಗೆ ಒಂದು ಸ್ಟೀಲ್ ತಟ್ಟೆ ಕೊಟ್ಟಿದ್ದೀನಿ. ಅತ್ತೆ "ನಲವತ್ತು ವರ್ಷ ಇಲ್ಲದ ಶಾಸ್ತ್ರ" ಅಂದ್ರು.

ಉಳಿದ ನಾಲ್ಕು ಲೀಟರ್ ಬಯೋಎಂಜೈಮ್ ಏನು ಮಾಡ್ಲಿ?

ಅಂಟುವಾಳದಮರ (ಸಂಜೆ 7:00)
ಚೆಲ್ಲಬೇಡಿ. ಕಮೋಡಿಗೆ ರಾತ್ರಿ ಒಂದು ಲೋಟ ಸುರಿದು ಬೆಳಿಗ್ಗೆ ಬ್ರಷ್ ಹಾಕಿ, ಪಿಂಗಾಣಿಗೆ ಏನೂ ಆಗಲ್ಲ. ಪ್ಲಾಸ್ಟಿಕ್ ಬಕೆಟ್ಟು, ಮಗ್ಗಿನ ಪೊರೆಗೂ ಆಗುತ್ತೆ. ಹಂಡೆ ತೊಳೆಯೋದಾದರೆ ಮಾತ್ರ ಬಚ್ಚಲಿಗೆ ಯಾವ ಕಲ್ಲು ಹಾಕಿದೆ ಅಂತ ಮೊದಲು ನೋಡ್ಕೊಳ್ಳಿ.