ಟೈಮ್ ಮುಂದಿಟ್ಟು ಲೈಫ್ ತಗೊಂಡ್ರೆ ಆಟದ ಮಜಾ ಹೋಗುತ್ತಾ?

ಪ್ರಶ್ನೆ: ಕ್ಯಾಂಡಿ ಕ್ರಶ್ ಅನ್ನೋ ಒಗಟಿನ ಆಟದಲ್ಲಿ 5 ಲೈಫ್ (ಆಡೋ ಅವಕಾಶ) ಮುಗಿದ್ರೆ ಒಂದೊಂದಕ್ಕೂ 30 ನಿಮಿಷ ಕಾಯ್ಬೇಕು. ಫೋನ್ ಟೈಮ್ ಮುಂದಿಟ್ಟು ಆಡೋದು ಮೋಸನಾ?

ಉತ್ತರ 1: ಎರಡೂವರೆ ಗಂಟೆ ಮುಂದಿಟ್ಟರೆ ಐದೂ ತುಂಬುತ್ತೆ. ಟೈಮ್ ಸರಿ ಮಾಡಿದ ಮೇಲೆ ಲೈಫ್ ಕಳೆದ್ರೆ ಲೆಕ್ಕ ತಪ್ಪಿ, ಇನ್ನೂ ಹೆಚ್ಚು ಕಾಯಿಸಬಹುದು. ಟೈಮ್ ತಪ್ಪಿದ್ದಾಗ ಅಥೆಂಟಿಕೇಟರ್ ಕೋಡ್‌ಗಳೂ (ಲಾಗಿನ್‌ಗೆ ಫೋನ್ ಆ್ಯಪ್ ತೋರಿಸೋ ಅಂಕಿಗಳು) ಕೆಲಸ ಮಾಡಲ್ಲ, ಹುಷಾರು.

ಉತ್ತರ 2: ಗುರು, ಕಾಯಿಸೋದೇ ದುಡ್ಡು ಕೀಳೋಕೆ. ಅದನ್ನ ದಾಟಿದ್ರೂ ಒಗಟು ಹಾಗೇ ಇರುತ್ತೆ, ಮಜಾ ಕೆಡಲ್ಲ. ಆದ್ರೆ ಲೆಕ್ಕವಿಲ್ಲದಷ್ಟು ಬೂಸ್ಟರ್ (ಒಗಟು ಸುಲಭ ಮಾಡೋ ನೆರವು) ಕೊಡೋ ಮಾಡ್, ಅಂದ್ರೆ ಬೇರೆಯವರು ತಿದ್ದಿದ ಆಟ, ಹಾಕಿದ್ರೆ ಯೋಚಿಸೋಕೆ ಏನೂ ಉಳಿಯಲ್ಲ.

ಉತ್ತರ 3: ಮೋಸ ಅಂದ್ರೆ ಇದು: ಹತ್ತು ಜನ ಆನ್‌ಲೈನ್‌ನಲ್ಲಿ ಆಡೋ ಶೂಟಿಂಗ್ ಆಟ ವ್ಯಾಲೊರೆಂಟ್‌ನಲ್ಲಿ, ಗೋಡೆಯಾಚೆ ಇರೋ ಎದುರಾಳಿಯನ್ನ ತೋರಿಸೋ ವಾಲ್‌ಹ್ಯಾಕ್ ಹಾಕಿದ್ರೆ ಉಳಿದ 9 ಜನರ ಆಟ ಹಾಳು. ಅದಕ್ಕೇ ಎದುರಾಳಿ ಕಣ್ಣಿಗೆ ಬೀಳುವಷ್ಟು ಹತ್ತಿರ ಬರೋವರೆಗೂ ಅವನಿರೋ ಜಾಗವನ್ನ ಸರ್ವರ್ ಕಳಿಸೋದೇ ಇಲ್ಲ.