ಮನೆಯವರೆಲ್ಲ ಐಫೋನ್, ನಾನೊಬ್ಬ ಆಂಡ್ರಾಯ್ಡ್: ದಾಟಲೋ, ಇಲ್ಲೇ ಉಳಿಯಲೋ?

ಕರಡುತಿದ್ದುವವ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಹಳೆಯದು, ಗೊತ್ತು. ಹುಡುಕಿದರೆ ಬೇಕಾದಷ್ಟು ಉತ್ತರ ಸಿಗುತ್ತವೆ. ಆದರೆ ಮುಕ್ಕಾಲು ಪಾಲು ಕ್ಯಾಮೆರಾ ಜಗಳ. ನನಗೆ ಕ್ಯಾಮೆರಾ ಹೇಗಿದ್ದರೂ ನಡೆಯುತ್ತದೆ.

ನನಗೆ 56 ವರ್ಷ. ಪುಸ್ತಕಗಳ ಕರಡು ತಿದ್ದುವುದು ಕೆಲಸ. 2013ರಿಂದ ಆಂಡ್ರಾಯ್ಡ್ ಬಿಟ್ಟು ಬೇರೆ ಮುಟ್ಟಿಲ್ಲ. ಈಗಿನದು 2019ರಲ್ಲಿ ಕೊಂಡ ಫೋನ್. ಸೆಕ್ಯುರಿಟಿ ಅಪ್‌ಡೇಟ್ ನಿಂತು ಕಾಲವಾಯಿತು. ಬ್ಯಾಟರಿ ಮಧ್ಯಾಹ್ನಕ್ಕೇ ಕೈ ಎತ್ತುತ್ತದೆ. ಹೊಸದು ತಗೊಳ್ಳಲೇಬೇಕು.

ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮೂವರದೂ ಐಫೋನ್. ಒಂದೇ ಸೋಫಾದಲ್ಲಿ ಕೂತು ಏರ್‌ಡ್ರಾಪ್‌ನಲ್ಲಿ ಫೋಟೊ ಎಸೆದಾಡುತ್ತಾರೆ. ನನ್ನ ಸರದಿ ಬಂದರೆ "ಅಪ್ಪಾ, ನಿಂಗೆ ಆಮೇಲೆ ವಾಟ್ಸಾಪ್ ಮಾಡ್ತೀನಿ". ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ.

ಇನ್ನೊಂದು ಮುಖ್ಯ ವಿಷಯ. ನನಗೆ ಎರಡೂ ಕಿವಿ ಮಂದ. ಹೋದ ವರ್ಷ ಹೊಸ ಹಿಯರಿಂಗ್ ಏಡ್ ಹಾಕಿಸಿಕೊಂಡೆ. ಐಫೋನ್ ಆದರೆ ಕರೆ ನೇರವಾಗಿ ಕಿವಿಯೊಳಗೇ ಕೇಳುತ್ತದೆ ಎಂದು ಆಗಲೇ ಹೇಳಿದ್ದರು. ನನ್ನ ಫೋನಿಗೆ ಅದು ಜೋಡಿಯಾಗಲೇ ಇಲ್ಲ. ಈಗಲೂ ಸ್ಪೀಕರ್ ಹಾಕಿಕೊಂಡು ಕಿರುಚಾಡುವುದೇ ಆಗಿದೆ. ಮನೆಮಂದಿಗೆಲ್ಲ ನನ್ನ ಫೋನಿನ ಗುಟ್ಟು ಗೊತ್ತು.

ಆದರೆ ಮನೆಯಲ್ಲಿ ಮಾತು ಜೋರಾಗಿ ನಡೆಯುವಾಗ ನನಗೆ ಊರುಗೋಲು ಇದೇ ಫೋನಿನ ಲೈವ್ ಟ್ರಾನ್ಸ್‌ಕ್ರೈಬ್. ಎದುರಿನವರು ಆಡಿದ್ದನ್ನು ಪರದೆಯ ಮೇಲೆ ಕನ್ನಡದಲ್ಲೇ ಬರೆದು ತೋರಿಸುತ್ತದೆ. ತಪ್ಪು ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಮಗಳು "ಹೇಳಪ್ಪ" ಅಂದರೆ "ಏಳಪ್ಪ" ಎಂದು ಬರೆಯುತ್ತದೆ. ಒಂದೆರಡು ಸಲ ಎದ್ದು ನಿಂತೂ ಇದ್ದೇನೆ. ಕರಡು ತಿದ್ದುವವನಿಗೆ ಇದು ದೊಡ್ಡ ತೊಂದರೆ ಅಲ್ಲ ಬಿಡಿ.

ಉಳಿದ ಭಯಗಳು: 2014ರಿಂದ ಇರುವ ವಾಟ್ಸಾಪ್ ಮಾತುಕತೆ, ಗೂಗಲ್ ಫೋಟೋಸ್‌ನಲ್ಲಿರುವ 70 ಜಿಬಿ ಚಿತ್ರ, ದುಡ್ಡು ಕೊಟ್ಟು ತಗೊಂಡ ಎರಡು ನಿಘಂಟಿನ ಆ್ಯಪ್, ಕೈಯಲ್ಲಿರುವ ವಾಚ್. ಜೊತೆಗೆ ನನ್ನ ಬೆರಳಿನ ಅಭ್ಯಾಸ. ದಾಟಿದವರು, ದಾಟಿ ವಾಪಸ್ ಬಂದವರು ಯಾರಾದರೂ ಹೇಳಿ.

ಎರಡುದೋಣಿ:

ನಾನು 2022ರ ಕೊನೆಗೆ ಐಫೋನಿಗೆ ದಾಟಿದೆ. ಕೆಲಸಕ್ಕೆ ಕೊಟ್ಟ ಫೋನ್ ಆಂಡ್ರಾಯ್ಡ್, ಹಾಗಾಗಿ ದಿನಾ ಎರಡೂ ಕೈಯಲ್ಲಿರುತ್ತವೆ.

ಮೊದಲು ವಾಟ್ಸಾಪ್. ಇದರಲ್ಲಿ ನಾನು ಮುಗ್ಗರಿಸಿದ್ದೇನೆ, ತಪ್ಪು ಪೂರ್ತಿ ನನ್ನದೇ. ಹೊಸ ಫೋನ್ ಬಂದ ಖುಷಿಯಲ್ಲಿ ಅದನ್ನು ಸೆಟಪ್ ಮಾಡಿ, ಆ್ಯಪ್ ಎಲ್ಲ ಹಾಕಿ, ವಾಲ್‌ಪೇಪರ್ ಕೂಡ ಬದಲಿಸಿ, ಆಮೇಲೆ "ಈಗ ಮೆಸೇಜ್ ತರೋಣ" ಎಂದು ಕೂತೆ. ಬರಲಿಲ್ಲ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಇರುವುದು ಗೂಗಲ್ ಖಾತೆಯಲ್ಲಿ. ಐಫೋನ್ ಅದನ್ನು ಓದುವುದಿಲ್ಲ. ಆ್ಯಪಲ್‌ನ ಆನ್‌ಲೈನ್ ಉಗ್ರಾಣ ಐಕ್ಲೌಡ್, ಅದರ ಬ್ಯಾಕಪ್ಪನ್ನು ಆಂಡ್ರಾಯ್ಡ್ ಓದುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ.

ನಾನು ಮಾಡಬೇಕಿದ್ದದ್ದು ಇಷ್ಟು. ಹಳೆ ಫೋನಿನಲ್ಲಿ 'ಮೂವ್ ಟು ಐಓಎಸ್' ಆ್ಯಪ್ ಹಾಕಿ, ಐಫೋನ್ ಮೊದಲ ಸಲ ತೆರೆಯುವಾಗಲೇ ಎರಡನ್ನೂ ಜೋಡಿಸಬೇಕು. ಆಗ ಬರುವ ಪಟ್ಟಿಯಲ್ಲಿ ವಾಟ್ಸಾಪ್ ಕೂಡ ಆರಿಸಬೇಕು. ಫೋನ್ ನಂಬರ್ ಅದೇ ಇರಬೇಕು. ಎರಡಕ್ಕೂ ಚಾರ್ಜರ್ ಚುಚ್ಚಿಡಿ, ತುಂಬಾ ಹೊತ್ತು ಹಿಡಿಯುತ್ತದೆ. ಆ ಆ್ಯಪ್ 2015ರಿಂದ ಇದೆ, ಆದರೆ ಅದರಲ್ಲಿ ವಾಟ್ಸಾಪ್ ಸೇರಿದ್ದು 2022ರಲ್ಲಿ. ನಾನು ಕೊನೆಗೆ ಹೊಸ ಫೋನನ್ನು ಪೂರ್ತಿ ಅಳಿಸಿ ಮೊದಲಿನಿಂದ ಮಾಡಿದೆ. ಎಲ್ಲ ಬಂತು. ಯಾವಾಗ ಯಾರಿಗೆ ಕರೆ ಮಾಡಿದ್ದೆ ಎಂಬ ಪಟ್ಟಿ ಮಾತ್ರ ಬರುವುದಿಲ್ಲ. ಅದು ಬರದಿದ್ದದ್ದೇ ಒಳ್ಳೆಯದಾಯಿತು ಅನ್ನಿ.

ಫೋಟೊಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಐಫೋನಿನಲ್ಲಿ ಗೂಗಲ್ ಫೋಟೋಸ್ ಹಾಕಿ ಅದೇ ಖಾತೆಯಿಂದ ಒಳಗೆ ಹೋಗಿ, 70 ಜಿಬಿಯೂ ಅಲ್ಲೇ ಇರುತ್ತದೆ. ಜಾಗಕ್ಕೆ ಕಟ್ಟುವ ದುಡ್ಡೂ ಹಾಗೇ ಮುಂದುವರಿಯುತ್ತದೆ. ಐಕ್ಲೌಡ್‌ನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ, ನಿಮಗೆ ಅದು ಯಾವ ಮೂಲೆಗೆ.

ನಿಘಂಟಿನ ಆ್ಯಪ್‌ಗೆ ಮತ್ತೆ ದುಡ್ಡು ಕೊಡಬೇಕು. ಒಂದು ಅಂಗಡಿಯಲ್ಲಿ ತಗೊಂಡದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಬ್ಯಾಂಕಿನ ಆ್ಯಪ್‌ಗಳಿಗೆ ಹೊಸದಾಗಿ ಹೆಸರು ಬರೆಸಬೇಕು, ಹಾಗಾಗಿ ಹಳೆ ಫೋನ್ ಒಂದು ವಾರವಾದರೂ ಇಟ್ಟುಕೊಳ್ಳಿ. ವಾಚ್ ಯಾವುದು ಅಂತ ಹೇಳಿಲ್ಲ ನೀವು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಅಥವಾ ಅದರ ನಂತರದ್ದಾದರೆ ಐಫೋನ್ ಜೊತೆ ಕೂಡುವುದಿಲ್ಲ.

ಇನ್ನು ಬೆರಳು. ಆಂಡ್ರಾಯ್ಡ್‌ನಲ್ಲಿ ಎಡ, ಬಲ ಯಾವ ಅಂಚಿನಿಂದ ಗೀರಿದರೂ ಹಿಂದಕ್ಕೆ ಹೋಗುತ್ತದೆ. ಐಫೋನಿನಲ್ಲಿ ಎಡದಿಂದ ಬಲಕ್ಕೆ ಗೀರಿದರೆ ಮಾತ್ರ. ಅದೂ ಎಲ್ಲ ಕಡೆ ಅಲ್ಲ, ಕೆಲವು ಕಡೆ ಮೇಲೆ ಮೂಲೆಯಲ್ಲಿರುವ ಗುರುತನ್ನೇ ಒತ್ತಬೇಕು. ಬಲಗೈ ಹೆಬ್ಬೆರಳು ಮೂರು ವಾರ ಸುಮ್ನೆ ಗಾಜು ಉಜ್ಜುತ್ತಿತ್ತು. ಈಗ ಕೆಲಸದ ಫೋನಿನಲ್ಲೂ ಎಡದಿಂದಲೇ ಗೀರುತ್ತೇನೆ.

ಹಳೇಚಾರ್ಜರ್:

ನಾನು ಹೋಗಿ ವಾಪಸ್ ಬಂದವನು. ಹದಿನಾಲ್ಕು ತಿಂಗಳು ಇದ್ದೆ. ಬಿಟ್ಟು ಬಂದದ್ದಕ್ಕೆ ದೊಡ್ಡ ಕಾರಣ ಏನಿಲ್ಲ, ಒಗ್ಗಲಿಲ್ಲ ಅಷ್ಟೇ.

ನೀವು ಬರೆದದ್ದರಲ್ಲಿ ಒಂದು ವಿಷಯ ನನಗೆ ಕುಟುಕಿತು. 2019ರ ಫೋನನ್ನು ಈಗಿನ ಐಫೋನ್ ಪಕ್ಕ ಇಟ್ಟು ತೂಗುತ್ತಿದ್ದೀರಿ. ಆರು ವರ್ಷ ದುಡಿದ ಎತ್ತನ್ನು ಹೊಸ ಹೋರಿಯ ಜೊತೆ ಓಟಕ್ಕೆ ಬಿಟ್ಟ ಹಾಗೆ. ಹೊಸ ಆಂಡ್ರಾಯ್ಡ್ ಕೈಯಲ್ಲಿ ಹಿಡಿದು ನೋಡಿದ್ದೀರಾ? ನಾನೂ ಹೋಗುವಾಗ ಇದೇ ತಪ್ಪು ಮಾಡಿದ್ದೆ.

ಅಪ್‌ಡೇಟ್ ಮಾತು ಈಗ ಮೊದಲಿನಂತಿಲ್ಲ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ 7 ವರ್ಷ ಎಂದಿತು. 2024ರಲ್ಲಿ ಸ್ಯಾಮ್‌ಸಂಗ್ ಕೂಡ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷ ಎಂದಿತು. ಆ್ಯಪಲ್ ಹಿಂದಿನಿಂದಲೂ ಈ ವಿಷಯದಲ್ಲಿ ಚೆನ್ನಾಗಿದೆ. 2015ರಲ್ಲಿ ಬಂದ ಐಫೋನ್ 6ಎಸ್‌ಗೆ ಐಫೋನಿನ ತಂತ್ರಾಂಶ ಐಓಎಸ್ 9ರಿಂದ 15ರವರೆಗೂ ಸಿಕ್ಕಿತು. ಆದರೆ ಕಡಿಮೆ ಬೆಲೆಯ ಆಂಡ್ರಾಯ್ಡ್‌ಗಳಿಗೆಲ್ಲ 7 ವರ್ಷ ಇಲ್ಲ. ಮಾಡೆಲ್ ಹೆಸರು ಹಾಕಿ ನೋಡಿಯೇ ತಗೊಳ್ಳಿ.

ಸೋಫಾ ಸಮಸ್ಯೆಗೆ: 2025ರ ನವೆಂಬರ್‌ನಿಂದ ಪಿಕ್ಸೆಲ್ 10ರ ಕ್ವಿಕ್ ಶೇರ್ (ಆಂಡ್ರಾಯ್ಡ್‌ನವರ ಏರ್‌ಡ್ರಾಪ್ ಅನ್ನಿ) ಏರ್‌ಡ್ರಾಪ್ ಜೊತೆ ಮಾತಾಡುತ್ತದೆ. ಐಫೋನ್ ಕಡೆಯವರು 'ಎವ್ರಿಒನ್, 10 ನಿಮಿಷ' ಎಂದು ತೆರೆದಿಟ್ಟರೆ ಸಾಕು. ಮಗಳು ಅಷ್ಟು ಮಾಡುತ್ತಾಳೋ ಇಲ್ಲವೋ, ಅದು ನಿಮ್ಮ ಮನೆ ವಿಚಾರ.

ಒಂದು ವೇಳೆ ದಾಟಿ, ನನ್ನ ಹಾಗೆ ವಾಪಸ್ ಬರುವುದಾದರೆ ಇದೊಂದು ನೆನಪಿಡಿ. ಸಿಮ್ ತೆಗೆಯುವ ಮೊದಲು ಐಫೋನಿನಲ್ಲಿ ಐಮೆಸೇಜ್, ಅಂದರೆ ಆ್ಯಪಲ್‌ನದೇ ಮೆಸೇಜ್ ವ್ಯವಸ್ಥೆ, ಆಫ್ ಮಾಡಬೇಕು. ನಾನು ಮರೆತೆ. ಐಫೋನ್ ಇರುವ ಗೆಳೆಯರು ಕಳಿಸಿದ ಮೆಸೇಜ್‌ಗಳು ನಾಲ್ಕು ದಿನ ನನ್ನ ಡ್ರಾಯರಿನಲ್ಲಿದ್ದ ಹಳೆ ಫೋನಿಗೇ ಹೋಗುತ್ತಿದ್ದವು. ಉತ್ತರ ಕೊಡದ ಸೊಕ್ಕಿನವ ಅನ್ನಿಸಿಕೊಂಡೆ.

ಮೂರನೇಕಿವಿ:

ಹತ್ತನೇ ವಯಸ್ಸಿನಿಂದ ಹಿಯರಿಂಗ್ ಏಡ್ ಹಾಕುತ್ತಿದ್ದೇನೆ. ಹಾಗಾಗಿ ಮೇಲಿನವರು ಹೇಳಿದ್ದನ್ನೆಲ್ಲ ಸ್ವಲ್ಪ ಪಕ್ಕಕ್ಕಿಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ನಿಮ್ಮ ಏಡ್‌ನ ಡಬ್ಬಿಯ ಮೇಲೆ.

ಫೋನಿನ ಸದ್ದು ಏಡ್‌ಗೆ ಹೋಗಲು ಬೇರೆ ಬೇರೆ ದಾರಿಗಳಿವೆ. 'ಮೇಡ್ ಫಾರ್ ಐಫೋನ್' ಎಂದಿದ್ದರೆ ಐಫೋನಿಗೆ ಸಲೀಸಾಗಿ ಜೋಡಿಯಾಗುತ್ತದೆ. ಈ ಬಗೆಯ ಏಡ್‌ಗಳು 2014ರಿಂದ ಇವೆ. ಆಂಡ್ರಾಯ್ಡ್‌ಗೆ ಇಂಥದ್ದೇ ದಾರಿ 'ಆಶಾ'. ಹೆಸರು ಚೆನ್ನಾಗಿದೆ ಅಲ್ವಾ? ಗೂಗಲ್ ಇದನ್ನು ತಿಳಿಸಿದ್ದು 2018ರಲ್ಲಿ. ತೊಂದರೆ ಏನೆಂದರೆ, ಆಶಾ ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ ಇಲ್ಲ. ಫೋನ್ ಮಾಡಿದವರು ಸೇರಿಸಿರಬೇಕು. ನಿಮ್ಮ 2019ರದರಲ್ಲಿ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಮೂರನೆಯದು ಬ್ಲೂಟೂತ್ ಎಲ್‌ಇ ಆಡಿಯೋ, ಇದು ಹೊಸತು. ಆಂಡ್ರಾಯ್ಡ್ 13ರಿಂದ ಇದಕ್ಕೆ ಜಾಗವಿದೆ. ಫೋನಾಕ್ ಕಂಪನಿಯ ಮಾರ್ವೆಲ್ ತರದ ಏಡ್‌ಗಳು ಮಾಮೂಲಿ ಬ್ಲೂಟೂತ್‌ನಲ್ಲೇ ನಡೆಯುತ್ತವೆ, ಅವಕ್ಕೆ ಯಾವ ಫೋನಾದರೂ ಸರಿ.

ಅಂದರೆ ನಿಮ್ಮ ಡಬ್ಬಿಯ ಮೇಲೆ ಐಫೋನ್ ಒಂದೇ ಇದ್ದರೆ ಐಫೋನ್. ಆಶಾ ಕೂಡ ಇದ್ದರೆ ನಿಮಗೆ ಎರಡೂ ಬಾಗಿಲು ತೆರೆದಿದೆ. ಏಡ್ ಹೊಸದು, ಬೆಲೆಯೂ ಜಾಸ್ತಿ. ಏಡ್‌ಗೆ ತಕ್ಕ ಫೋನ್ ಹುಡುಕಬೇಕು, ಉಲ್ಟಾ ಮಾಡಬಾರದು.

ಲೈವ್ ಟ್ರಾನ್ಸ್‌ಕ್ರೈಬ್ ಬಗ್ಗೆ ನೀವು ಬರೆದದ್ದು ಓದಿ ನಗು ಬಂತು. ನಮ್ಮ ಮನೆಯಲ್ಲೂ 'ಏಳಪ್ಪ' ಕಾಟ ಇದೆ. ಅದು ಗೂಗಲ್‌ನದು, 2019ರಲ್ಲಿ ಬಂದದ್ದು, ಆಂಡ್ರಾಯ್ಡ್‌ಗೆ ಮಾತ್ರ. ಐಫೋನಿನಲ್ಲಿ 2022ರಿಂದ ಲೈವ್ ಕ್ಯಾಪ್ಷನ್ಸ್ ಇದೆ, ಆದರೆ ನೀವು ಭಾಷೆಗಳ ಪಟ್ಟಿ ನೋಡಿಯೇ ಹೆಜ್ಜೆ ಇಡಬೇಕು.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಮೂರು ಐಫೋನ್ ಇರುವ ಮನೆಯಲ್ಲಿ ಡ್ರಾಯರಿನಲ್ಲಿ ನಾಲ್ಕನೆಯದೊಂದು ಸತ್ತು ಬಿದ್ದಿರುತ್ತದೆ. ಅದನ್ನು ಎಬ್ಬಿಸಿ. ವಾಟ್ಸಾಪ್ ಅನ್ನು 2023ರಿಂದ ಇನ್ನೊಂದು ಫೋನಿಗೂ ಜೋಡಿಸಬಹುದು, ನಿಮ್ಮ ಹಳೆ ಫೋನೇ ಮುಖ್ಯವಾಗಿ ಉಳಿಯುತ್ತದೆ. ಒಂದು ವಾರ ಅದರಲ್ಲೇ ಬದುಕಿ ನೋಡಿ. ಏಡ್ ಜೋಡಿಸಲು ಬ್ಲೂಟೂತ್ ಪಟ್ಟಿಗೆ ಹೋಗಬೇಡಿ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಹಿಯರಿಂಗ್ ಡಿವೈಸಸ್. ಏಡ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಆಗ ಕಾಣಿಸುತ್ತದೆ.

ಕರಡುತಿದ್ದುವವ:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೂರನೇಕಿವಿ ಅವರ ಮಾತು ನಿಜವಾಯಿತು, ದೊಡ್ಡ ಮಗಳ ಹಳೆಯ ಐಫೋನ್ 11 ಡ್ರಾಯರಿನಲ್ಲಿ ಸಿಕ್ಕಿತು. ಸಿಮ್ ಅದಕ್ಕೆ ಹಾಕಿ, ಹಳೆಯದನ್ನು ವೈಫೈನಲ್ಲಿಟ್ಟು, ವಾಟ್ಸಾಪ್ ಎರಡರಲ್ಲೂ ತೆರೆದೆ.

ಏಡ್ ಎರಡು ನಿಮಿಷದಲ್ಲಿ ಜೋಡಿಯಾಯಿತು. ಪರೀಕ್ಷೆಗೆ ಹೆಂಡತಿ ಪಕ್ಕದ ಕೋಣೆಯಿಂದ ಕರೆ ಮಾಡಿದಳು. ಎರಡೂ ಕಿವಿಯ ನಡುವೆ, ತಲೆಯೊಳಗೇ ಮಾತಾಡಿದ ಹಾಗಿತ್ತು. "ಕೇಳ್ತಾ?" ಎಂದಳು. "ಕಿರುಚಬೇಡ" ಎಂದೆ. ಈ ಮಾತು ಹೇಳುವ ಅವಕಾಶ ನನಗೆ ಸಿಕ್ಕಿ ಎಷ್ಟು ವರ್ಷವಾಗಿತ್ತೋ. ಅವತ್ತೇ ದಾಟುವುದು ಎಂದು ತೀರ್ಮಾನ ಮಾಡಿಬಿಟ್ಟೆ.

ನಾಲ್ಕನೇ ದಿನ ಚಿಕ್ಕವಳ ಗೆಳತಿಯರು ಐದು ಜನ ಬಂದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ಅಭ್ಯಾಸಬಲದಿಂದ ಫೋನ್ ಮೇಜಿನ ಮೇಲಿಟ್ಟೆ. ಐಫೋನಿನ ಲೈವ್ ಕ್ಯಾಪ್ಷನ್ಸ್ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಲೈವ್ ಲಿಸನ್ ಎಂಬುದೊಂದಿದೆ, ಫೋನೇ ಮೈಕ್ ಆಗಿ ಸದ್ದನ್ನು ಏಡ್‌ಗೆ ಕಳಿಸುತ್ತದೆ. ಒಬ್ಬರೇ ಮಾತಾಡುವಾಗ ಅದು ಚೆನ್ನಾಗಿದೆ. ಐದು ಜನಕ್ಕೆ ಆಗಲಿಲ್ಲ, ಗದ್ದಲ ಇನ್ನಷ್ಟು ಹತ್ತಿರ ಬಂತು ಅಷ್ಟೇ. ಹತ್ತು ನಿಮಿಷ ಸುಮ್ಮನೆ ನಗುತ್ತಾ ಕೂತಿದ್ದೆ. ಕಿವಿ ಮಂದ ಇರುವವರಿಗೆ ಆ ನಗು ಗೊತ್ತಿರುತ್ತದೆ. ಆಮೇಲೆ ಎದ್ದು ಹೋಗಿ ಹಳೆ ಫೋನ್ ತಂದೆ.

ಏಡ್‌ನ ಡಬ್ಬಿ ಹುಡುಕಿ ನೋಡಿದರೆ, ಐಫೋನ್ ಗುರುತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆಶಾ ಎಂದೂ ಇದೆ. ಬೇರೆಯವರ ಅಲ್ಪವಿರಾಮ ಹಿಡಿಯುವ ಕೆಲಸ ನನ್ನದು. ನನ್ನದೇ ಡಬ್ಬಿ ಒಂದು ವರ್ಷ ಓದಿರಲಿಲ್ಲ.

ನಿನ್ನೆ ಏಡ್ ಹಾಕಿಕೊಂಡೇ ಹೋಗಿ, ಅಂಗಡಿಯಲ್ಲೇ ಜೋಡಿಸಿ, ಒಂದು ಕರೆ ಮಾಡಿ ಕೇಳಿ, 7 ವರ್ಷ ಅಪ್‌ಡೇಟ್ ಇರುವ ಆಂಡ್ರಾಯ್ಡ್ ತಂದೆ. ಮಾತಾಡುವಾಗ ಫೋನ್ ಬಾಯಿ ಹತ್ತಿರ ಹಿಡಿಯಬೇಕು, ಮೈಕ್ ಅದರದೇ. ಅದೊಂದು ಕಿರಿಕಿರಿ, ಇರಲಿ. ನಿಘಂಟು, ವಾಚ್, ವಾಟ್ಸಾಪ್ ಎಲ್ಲ ತಾವಾಗಿಯೇ ಬಂದವು. 'ಏಳಪ್ಪ' ಕೂಡ.

ಹಳೇಚಾರ್ಜರ್ ಅವರೇ, ನಾನು ತಂದದ್ದು ಪಿಕ್ಸೆಲ್ 10 ಅಲ್ಲ. ಸೋಫಾದಲ್ಲಿ ನನ್ನ ಸ್ಥಿತಿ ಹಾಗೇ ಇದೆ. ನಿನ್ನೆ ರಾತ್ರಿ ತೆಗೆದ ಫೋಟೊ ಇನ್ನೂ ಬಂದಿಲ್ಲ.

ಎರಡುದೋಣಿ:

ಒಳ್ಳೆಯದಾಯಿತು. ಹಳೆ ಫೋನ್ ಯಾರಿಗಾದರೂ ಕೊಡುವುದಾದರೆ, ಅಳಿಸುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆ ತೆಗೆಯಿರಿ. ಇಲ್ಲದಿದ್ದರೆ ತಗೊಂಡವರಿಗೆ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು.

ಕರಡುತಿದ್ದುವವ:

ಕೊಡುವುದಿಲ್ಲ. ಚಾರ್ಜರ್ ಚುಚ್ಚಿ ಸೋಫಾ ಪಕ್ಕದಲ್ಲೇ ಇಟ್ಟಿದ್ದೇನೆ. ಅವರು ಮಾತಾಡಿದ್ದನ್ನೆಲ್ಲ ಬರೆದುಕೊಳ್ಳುತ್ತಾ ಇರುತ್ತದೆ.